ಓದುಗರ ಪ್ರಶ್ನೆಗೆ ಉತ್ತರ: ‘ಅಧಿಸೂಚನೆ’ ಎಂಬ ಮಾತು ಎಲ್ಲಿ ಸಲ್ಲುತ್ತದೆ?

ಪ್ರಶ್ನೆ: ಮಾನ್ಯರೇ, ನಮ್ಮೂರಿನ ಬಸ್ ತಂಗುದಾಣದ ಗೋಡೆಗೆ ಕಳೆದ ಮಳೆಗಾಲದಲ್ಲಿ ಮೂರು ಕಾಗದಗಳನ್ನು ಅಂಟಿಸಿದ್ದರು. ನೀರಿನ ಕರ ಬಾಕಿ ಉಳಿಸಿಕೊಂಡವರು ತಿಂಗಳ ಕೊನೆಯೊಳಗೆ ಕಟ್ಟಬೇಕು ಎಂಬುದು ಒಂದು, ಸಹಕಾರ ಸಂಘದ ವಾರ್ಷಿಕ ಮಹಾಸಭೆಯ ದಿನಾಂಕ ತಿಳಿಸುವುದು ಇನ್ನೊಂದು, ಘಾಟಿಯಲ್ಲಿ ಭಾರಿ ವಾಹನಗಳ ಸಂಚಾರವನ್ನು ನಿಲ್ಲಿಸಿದ್ದು ಮತ್ತೊಂದು. ಮೂರಕ್ಕೂ ‘ಅಧಿಸೂಚನೆ’ ಎಂದೇ ತಲೆಬರಹವಿತ್ತು. ಪತ್ರಿಕೆ ತೆರೆದರೆ ಪಶ್ಚಿಮ ಘಟ್ಟದ ‘ಕರಡು ಅಧಿಸೂಚನೆ’, ಅರಣ್ಯ ಇಲಾಖೆಯ ‘ಸೆಕ್ಷನ್ 4 ಅಧಿಸೂಚನೆ’ ಎಂಬ ಮಾತುಗಳು ಕಾಣುತ್ತವೆ. ಇವೆಲ್ಲವೂ ಒಂದೇ ಬಗೆಯವೇ? ಪ್ರಕಟಣೆ, ಸುತ್ತೋಲೆ, ಆದೇಶ ಎಂಬವುಗಳಿಗೂ ಅಧಿಸೂಚನೆಗೂ ಇರುವ ವ್ಯತ್ಯಾಸವನ್ನು ದಯವಿಟ್ಟು ತಿಳಿಸಿ.
— ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ತಾವು ನೋಡಿದ ಮೂರು ಕಾಗದಗಳಲ್ಲಿ ಮೊದಲಿನ ಎರಡಕ್ಕೆ ಆ ತಲೆಬರಹ ಸಲ್ಲುವುದಿಲ್ಲ, ಮೂರನೆಯದರ ವಿಷಯ ಸ್ವಲ್ಪ ಸೂಕ್ಷ್ಮವಾದುದರಿಂದ ಅದಕ್ಕೆ ಆಮೇಲೆ ಬರುತ್ತೇನೆ.

‘ಸೂಚನೆ’ ಎಂದರೆ ತಿಳಿಸುವುದು. ಅದರ ಹಿಂದೆ ಸೇರಿದ ‘ಅಧಿ’ ಎಂಬ ಉಪಸರ್ಗವು ಅಧಿಕಾರ, ಅಧಿಕೃತ, ಅಧಿನಿಯಮ ಮುಂತಾದ ಪದಗಳಲ್ಲಿರುವಂತೆ ‘ಮೇಲಿನ’ ಎಂಬ ಭಾವವನ್ನು ತರುತ್ತದೆ. ಇಷ್ಟನ್ನೇ ಹಿಡಿದುಕೊಂಡವರು ಅಧಿಸೂಚನೆ ಎಂದರೆ ‘ದೊಡ್ಡವರು ಕೊಟ್ಟ ಸೂಚನೆ’ ಎಂದು ಭಾವಿಸಿ, ಮೊಹರು ಒತ್ತಿದ ಕಾಗದಕ್ಕೆಲ್ಲ ಆ ಹೆಸರನ್ನು ಕೊಡುತ್ತಾರೆ. ಆದರೆ ಕಾನೂನಿನ ಬಳಕೆಯಲ್ಲಿ ಈ ಪದಕ್ಕೆ ಗಟ್ಟಿಯಾದ ಎರಡು ಲಕ್ಷಣಗಳಿವೆ. ಯಾವುದಾದರೂ ಒಂದು ಅಧಿನಿಯಮದ, ಅಂದರೆ ಕಾಯ್ದೆಯ, ನಿರ್ದಿಷ್ಟ ಪ್ರಕರಣವು (ಸೆಕ್ಷನ್) ಕೊಟ್ಟ ಅಧಿಕಾರದಿಂದ ಅದು ಹೊರಡಬೇಕು ಮತ್ತು ರಾಜ್ಯಪತ್ರದಲ್ಲಿ, ಅಂದರೆ ನಾವು ಗೆಜೆಟ್ ಎನ್ನುವ ಸರ್ಕಾರದ ಅಧಿಕೃತ ಪತ್ರದಲ್ಲಿ, ಅದು ಅಚ್ಚಾಗಬೇಕು. ನಮ್ಮ ಕಡೆಯ ಜನರು ‘ಗೆಜೆಟ್ ಆಗಿದೆಯೋ?’ ಎಂದು ಕೇಳುವುದರಲ್ಲಿ ಈ ಎರಡನೆಯ ಲಕ್ಷಣ ಸೊಗಸಾಗಿ ಉಳಿದುಬಂದಿದೆ. ಆ ಪ್ರಶ್ನೆಯನ್ನು ಕೇಳುವವರಿಗೆ ಪದದ ವ್ಯುತ್ಪತ್ತಿ ಗೊತ್ತಿಲ್ಲದಿದ್ದರೂ ಅದರ ತಿರುಳು ಗೊತ್ತಿದೆ.

ಅಧಿಸೂಚನೆಯ ಒಡಲನ್ನು ಓದಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ಸಾಮಾನ್ಯವಾಗಿ ‘ಇಂಥ ಅಧಿನಿಯಮದ ಇಂಥ ಪ್ರಕರಣದಿಂದ ಪ್ರದತ್ತವಾದ ಅಧಿಕಾರಗಳನ್ನು ಚಲಾಯಿಸಿ ಕರ್ನಾಟಕ ಸರ್ಕಾರವು ಈ ಮೂಲಕ…’ ಎಂದು ಆರಂಭವಾಗುತ್ತದೆ. ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಒಕ್ಕಣೆಯ ಕೆಳಗೆ ಅಧಿಕಾರಿಯ ಸಹಿ ಇರುತ್ತದೆ. ಈ ಕೊನೆಯ ಒಕ್ಕಣೆ ಸರ್ಕಾರಿ ಆದೇಶಗಳಲ್ಲಿಯೂ ಇರುತ್ತದೆ, ಏಕೆಂದರೆ ರಾಜ್ಯ ಸರ್ಕಾರದ ಕಾರ್ಯಾಂಗದ ಕ್ರಮಗಳೆಲ್ಲವೂ ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕೆಂದು ಸಂವಿಧಾನದ 166ನೇ ಅನುಚ್ಛೇದ ಹೇಳುತ್ತದೆ. ಆದ್ದರಿಂದ ಗುರುತು ಹಿಡಿಯಬೇಕಾದದ್ದು ಮೊದಲ ಸಾಲಿನಲ್ಲಿ. ಯಾವ ಪ್ರಕರಣವನ್ನೂ ಹೆಸರಿಸದೆ ‘ಸಾರ್ವಜನಿಕರಲ್ಲಿ ವಿನಂತಿ’ ಎಂದು ಶುರುವಾಗುವ ಕಾಗದ ಎಷ್ಟೇ ದೊಡ್ಡ ಕಚೇರಿಯಿಂದ ಬಂದಿದ್ದರೂ ಅದು ಪ್ರಕಟಣೆಯೇ.

ಸಂವಿಧಾನದ 13ನೇ ಅನುಚ್ಛೇದವು ‘ಕಾನೂನು’ ಎಂಬ ಪದದ ವ್ಯಾಪ್ತಿಯಲ್ಲಿ ನಿಯಮ, ಉಪವಿಧಿ, ಆದೇಶಗಳ ಜೊತೆಗೆ ಅಧಿಸೂಚನೆಯನ್ನೂ ಸೇರಿಸಿದೆ. ಎಂದರೆ ಅಧಿಸೂಚನೆಯೂ ಕಾನೂನಾಗಬಲ್ಲದು, ಅದನ್ನು ಮೀರಿದವರಿಗೆ ಶಿಕ್ಷೆಯೂ ಆಗಬಲ್ಲದು. ಹಾಗಿರುವಾಗ ಅದು ಜನರಿಗೆ ಸಿಗುವ ಜಾಗದಲ್ಲಿ ಅಚ್ಚಾಗಬೇಕಾದದ್ದು ನ್ಯಾಯವೇ. ಸರ್ವೋಚ್ಚ ನ್ಯಾಯಾಲಯ 1951ರಲ್ಲಿ ತೀರ್ಮಾನಿಸಿದ ಹರ್ಲಾ ಎಂಬಾತನ ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಜೈಪುರ ಸಂಸ್ಥಾನದ ಮಂತ್ರಿಪರಿಷತ್ತು 1923ರ ಡಿಸೆಂಬರ್‌ನಲ್ಲಿ ಒಂದು ನಿರ್ಣಯದ ಮೂಲಕ ಅಫೀಮು ಕಾಯ್ದೆಯನ್ನು ಅಂಗೀಕರಿಸಿತ್ತು. ಆ ಕಾಯ್ದೆ ಗೆಜೆಟ್ಟಿನಲ್ಲಿ ಬರಲಿಲ್ಲ, ಬೇರೆ ಯಾವ ರೀತಿಯಲ್ಲಿಯೂ ಜನರಿಗೆ ತಿಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದರಡಿಯಲ್ಲಿ ಒಬ್ಬನಿಗೆ 50 ರೂಪಾಯಿ ದಂಡ ಬಿತ್ತು. ಯಾರಿಗೂ ತಿಳಿಸದೆ ಕೋಣೆಯೊಳಗೆ ಮಾಡಿಕೊಂಡ ನಿರ್ಣಯದ ಮೇಲೆ ಪ್ರಜೆಯನ್ನು ದಂಡಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು.

ಇದರ ಮಗ್ಗುಲಲ್ಲಿಯೇ ಇಡಬೇಕಾದ ಇನ್ನೊಂದು ತೀರ್ಪು 1964ರದು. ಚಿನ್ನದ ಸಾಗಣೆಯನ್ನು ಬಿಗಿಗೊಳಿಸುವ ರಿಸರ್ವ್ ಬ್ಯಾಂಕಿನ ಅಧಿಸೂಚನೆಯೊಂದಕ್ಕೆ 1962ರ ನವೆಂಬರ್ 8ರ ದಿನಾಂಕವಿತ್ತು. ಅದು ಭಾರತದ ರಾಜಪತ್ರದಲ್ಲಿ, ಅಂದರೆ ಕೇಂದ್ರ ಸರ್ಕಾರದ ಗೆಜೆಟ್ಟಿನಲ್ಲಿ, ಅಚ್ಚಾದದ್ದು 24ರಂದು. ಇದಾದ ಮೂರು ದಿನಕ್ಕೆ ಜ್ಯೂರಿಕ್‌ನಿಂದ ಮನಿಲಾಗೆ ಹೊರಟ ವಿದೇಶಿ ಪ್ರಯಾಣಿಕನೊಬ್ಬ ಮರುದಿನ ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ 34 ಕಿಲೋ ಚಿನ್ನದೊಂದಿಗೆ ಸಿಕ್ಕಿಬಿದ್ದ. ತನಗೆ ಆ ಅಧಿಸೂಚನೆಯ ಸುಳಿವೇ ಇರಲಿಲ್ಲ ಎಂದು ಅವನು ವಾದಿಸಿದ. ರಾಜಪತ್ರದಲ್ಲಿ ಪ್ರಕಟವಾದ ಮೇಲೆ ತಿಳಿಯದು ಎನ್ನುವಂತಿಲ್ಲ ಎಂದು ಬಹುಮತದ ತೀರ್ಪು ಬಂತು. ಹೀಗೆ ರಾಜ್ಯಪತ್ರದಲ್ಲಿ ಪ್ರಕಟವಾಗುವುದು ಎರಡಲಗಿನ ಕತ್ತಿ: ಪ್ರಕಟವಾಗದಿದ್ದರೆ ಸರ್ಕಾರ ನಮ್ಮನ್ನು ದಂಡಿಸಲಾರದು, ಪ್ರಕಟವಾದ ಮೇಲೆ ನಾವು ಓದಿಲ್ಲವೆಂಬ ನೆಪ ನಡೆಯದು. ಸಹಿ ಬಿದ್ದ ದಿನಾಂಕ ಬೇರೆ, ಪ್ರಕಟವಾದ ದಿನಾಂಕ ಬೇರೆ ಎಂಬುದೂ ಇದರಿಂದ ತಿಳಿಯುತ್ತದೆ. ಆಕ್ಷೇಪಣೆಯ ದಿನಗಳನ್ನು ಎಣಿಸುವವರು ಸಾಮಾನ್ಯವಾಗಿ ಎಣಿಸಬೇಕಾದದ್ದು ಎರಡನೆಯದರಿಂದ. ಅದನ್ನು ತಪ್ಪಿಸಿಕೊಂಡು ತಹಸೀಲ್ದಾರರ ಕಚೇರಿಗೆ ಅಲೆದವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯೇನಿಲ್ಲ.

ಈಗ ತಮ್ಮ ಗೋಡೆಯ ಮೂರನೆಯ ಕಾಗದ. ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ಜಿಲ್ಲಾಧಿಕಾರಿಯವರು ಸಂಚಾರ ನಿರ್ಬಂಧಿಸಿ ಹೊರಡಿಸುವ ಕಾಗದದಲ್ಲಿ ಸಾಮಾನ್ಯವಾಗಿ ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 115 ಮತ್ತು ಕರ್ನಾಟಕ ಮೋಟಾರು ವಾಹನಗಳ ನಿಯಮಗಳು 1989ರ ಉಲ್ಲೇಖವಿರುತ್ತದೆ. ಕಲಂ 115ರ ಪ್ರಕಾರ ಇಂಥ ನಿರ್ಬಂಧವನ್ನು ರಾಜ್ಯಪತ್ರದಲ್ಲಿ ಅಧಿಸೂಚನೆಯ ಮೂಲಕ ಹೇರಬೇಕು. ಆದರೆ ನಿರ್ಬಂಧವು ಒಂದು ತಿಂಗಳಿಗಿಂತ ಹೆಚ್ಚಿನದಲ್ಲವಾದರೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲ, ಸಂದರ್ಭಕ್ಕೆ ತಕ್ಕ ಸ್ಥಳೀಯ ಪ್ರಚಾರ ಕೊಟ್ಟರೆ ಸಾಕು ಎಂದು ಅದೇ ಕಲಂ ವಿನಾಯಿತಿ ಕೊಡುತ್ತದೆ. ರಸ್ತೆ ಕುಸಿದ ರಾತ್ರಿ ಯಾರೂ ರಾಜ್ಯಪತ್ರದ ಸಂಚಿಕೆಗೆ ಕಾಯುತ್ತ ಕೂರಲಾಗದು ಎಂಬುದು ಕಾಯ್ದೆ ಬರೆದವರಿಗೂ ಹೊಳೆದಿತ್ತು. ಆದ್ದರಿಂದ ತಮ್ಮ ಮೂರನೆಯ ಕಾಗದಕ್ಕೆ ಕಾಯ್ದೆಯ ಬೆಂಬಲವಿದೆ, ಅದನ್ನು ಮೀರಿದ ಲಾರಿಗೆ ದಂಡವೂ ಬೀಳುತ್ತದೆ. ಆದರೆ ಅದು ಹತ್ತು ಹದಿನೈದು ದಿನದ ನಿರ್ಬಂಧವಾದರೆ ‘ಆದೇಶ’ ಎನ್ನುವುದೇ ಹೆಚ್ಚು ಸರಿ. ತಿಂಗಳು ಮೀರಿದ್ದಾದರೆ, ಮತ್ತು ಅದು ರಾಜ್ಯಪತ್ರದಲ್ಲಿ ಬಂದಿದ್ದರೆ, ‘ಅಧಿಸೂಚನೆ’ ಎಂದು ಯಾವ ಅಳುಕೂ ಇಲ್ಲದೆ ಕರೆಯಬಹುದು.

ಮಳೆಗಾಲದ ಬೆಳಗಿನಲ್ಲಿ ಮಕ್ಕಳು ಕಾತರದಿಂದ ಕಾಯುವ ‘ಶಾಲೆಗಳಿಗೆ ರಜೆ’ ಎಂಬುದೂ ಜಿಲ್ಲಾಡಳಿತದ ಆದೇಶವೇ. ಅದಕ್ಕೆ ‘ರಜೆ ಘೋಷಣೆ’ ಎಂಬ ರೂಢಿಯ ಮಾತು ಚೆನ್ನಾಗಿ ಒಪ್ಪುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ‘ರಜಾ ಅಧಿಸೂಚನೆ’ ಎಂದು ಹಂಚುವುದರಿಂದ ರಜೆಯ ತೂಕವೇನೂ ಹೆಚ್ಚುವುದಿಲ್ಲ.

ಸುತ್ತೋಲೆಯ ವಿಷಯ ಸುಲಭ. ಕಚೇರಿಯಿಂದ ಕಚೇರಿಗೆ ಸುತ್ತುವ ಓಲೆ ಅದು; ಮೇಲಿನ ಅಧಿಕಾರಿ ಕೆಳಗಿನವರಿಗೆ ಕೆಲಸದ ಕ್ರಮವನ್ನು ತಿಳಿಸುತ್ತಾರೆ. ಅದು ನೇರವಾಗಿ ನಮಗೆ ಬರೆದದ್ದಲ್ಲ. ಸಹಕಾರ ಸಂಘದ ಮಹಾಸಭೆಗೆ ‘ಸಭೆಯ ತಿಳಿವಳಿಕೆ ಪತ್ರ’ ಅಥವಾ ‘ಸಭೆಯ ನೋಟಿಸು’, ನೀರಿನ ಕರದ ಬಾಕಿಗೆ ‘ಸಾರ್ವಜನಿಕ ಪ್ರಕಟಣೆ’ ಎಂದರೆ ಸಾಕು.

ಇನ್ನು ತಾವು ಪತ್ರಿಕೆಗಳಲ್ಲಿ ಕಂಡ ಎರಡು ಮಾತುಗಳು. ಇವು ಮಲೆನಾಡಿನ ನಿದ್ದೆ ಕೆಡಿಸಿದ ಮಾತುಗಳಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕರಡು ಅಧಿಸೂಚನೆ ಎಂದರೆ ಸರ್ಕಾರ ತಾನು ಮಾಡಬೇಕೆಂದಿರುವುದನ್ನು ಮೊದಲು ರಾಜಪತ್ರದಲ್ಲಿ ಮುಂದಿಟ್ಟು, ಬಾಧಿತರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಕೇಳುವ ಹಂತ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸಂಬಂಧಿಸಿದ ಮೊದಲ ಕರಡನ್ನು ಕೇಂದ್ರದ ಪರಿಸರ ಸಚಿವಾಲಯವು 2014ರ ಮಾರ್ಚ್ 10ರಂದು ಹೊರಡಿಸಿತು. ಆರು ರಾಜ್ಯಗಳಿಗೆ ಸೇರಿದ, ಕರ್ನಾಟಕವೊಂದರಲ್ಲಿಯೇ 20,668 ಚದರ ಕಿಲೋಮೀಟರ್ ಒಳಗೊಂಡ ಆ ಪ್ರಸ್ತಾವ ಅಂತಿಮ ರೂಪ ಪಡೆಯದೆ ಅವಧಿ ಮುಗಿದಂತೆಲ್ಲ ಮತ್ತೆ ಮತ್ತೆ ಹೊರಬಂದಿತು. 2024ರ ಜುಲೈ 31ರದು ಆರನೆಯ ಕರಡು. ಅದಕ್ಕೂ ಆಕ್ಷೇಪಣೆ ಸಲ್ಲಿಸಲು 60 ದಿನಗಳನ್ನು ಕೊಡಲಾಗಿತ್ತು. ‘ಅಧಿಸೂಚನೆ ಬಂದೇ ಬಿಟ್ಟಿತು’ ಎಂದು ಪ್ರತಿ ಸಲವೂ ಊರೂರಿನಲ್ಲಿ ಸುದ್ದಿಯಾಗುವುದಕ್ಕೆ ‘ಕರಡು’ ಎಂಬ ಮೂರಕ್ಷರವನ್ನು ತಲೆಬರಹದಿಂದ ಬಿಟ್ಟುಬಿಡುವ ನಮ್ಮ ಪತ್ರಿಕೆಗಳೂ ಒಂದಿಷ್ಟು ಕಾರಣ. ಭಾರತದ ರಾಜಪತ್ರದ ಪ್ರತಿಯು ಹಿಂದಿ, ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಬೆಳೆಗಾರರು ಪತ್ರಿಕೆಯ ಕನ್ನಡವನ್ನೇ ನೆಚ್ಚಿಕೊಳ್ಳಬೇಕಾಗಿದೆ. ಹಾಗಾಗಿ ಆ ಮೂರಕ್ಷರವನ್ನು ಬಿಡುವುದು ಸಣ್ಣ ಲೋಪವಲ್ಲ.

‘ಸೆಕ್ಷನ್ 4’ ಎಂಬುದು ಬೇರೆಯೇ ಕಾಯ್ದೆಯದು. ಕರ್ನಾಟಕ ಅರಣ್ಯ ಅಧಿನಿಯಮ 1963ರ 4ನೇ ಪ್ರಕರಣದ ಅಧಿಸೂಚನೆಯು ಇಂಥ ಜಮೀನನ್ನು ಮೀಸಲು ಅರಣ್ಯವನ್ನಾಗಿ ಮಾಡಲು ಉದ್ದೇಶಿಸಲಾಗಿದೆ ಎಂದು ತಿಳಿಸುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಗಳನ್ನು ವಿಚಾರಿಸಿದ ಮೇಲೆ 17ನೇ ಪ್ರಕರಣದ ಅಧಿಸೂಚನೆಯಿಂದ ಅದು ಮೀಸಲು ಅರಣ್ಯವಾಗುತ್ತದೆ. ಮೊದಲನೆಯದನ್ನು ಕರಡು ಎಂದು ಹಗುರವಾಗಿ ನೋಡುವ ಹಾಗಿಲ್ಲ, ಏಕೆಂದರೆ ಅದು ಹೊರಟ ದಿನದಿಂದಲೇ ಆ ನೆಲದಲ್ಲಿ ಹೊಸ ಹಕ್ಕು ಹುಟ್ಟುವುದಕ್ಕೂ ಹೊಸದಾಗಿ ಕಡಿದು ಸಾಗುವಳಿ ಮಾಡುವುದಕ್ಕೂ ತಡೆ ಬೀಳುತ್ತದೆ. ವಿಚಾರಣೆ ಮುಗಿಯದೆ ನಾಲ್ಕಕ್ಕೂ ಹದಿನೇಳಕ್ಕೂ ನಡುವೆ ದಶಕಗಳಿಂದ ಉಳಿದ ಜಮೀನುಗಳು ತಮ್ಮ ತಾಲ್ಲೂಕಿನಲ್ಲಿಯೂ ಪಕ್ಕದ ಕೊಪ್ಪ, ಸಕಲೇಶಪುರಗಳಲ್ಲಿಯೂ ಇವೆ, ಮತ್ತು ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮಗೊಳಿಸಲು ಕೊಟ್ಟ ಬಗರ್‌ಹುಕುಂ ಅರ್ಜಿಗಳು ಕದಲದಿರುವುದಕ್ಕೆ ಎಷ್ಟೋ ಕಡೆ ಇದೇ ಕಾರಣ. ಆದ್ದರಿಂದ ಅಧಿಸೂಚನೆ ಎಂಬ ಮಾತು ಕಿವಿಗೆ ಬಿದ್ದಾಗ ‘ಯಾವ ಕಾಯ್ದೆ, ಎಷ್ಟನೇ ಸೆಕ್ಷನ್, ಗೆಜೆಟ್ ಆದ ತಾರೀಖು ಯಾವುದು’ ಎಂದು ಕೇಳಿ ಬರೆದುಕೊಳ್ಳಿ. ರಾಜ್ಯ ಸರ್ಕಾರದ್ದಾದರೆ ಇ-ರಾಜ್ಯಪತ್ರದ ಜಾಲತಾಣದಲ್ಲಿ ಹುಡುಕಲು ಈ ಮೂರು ಸಂಗತಿಗಳು ಬಹುಮಟ್ಟಿಗೆ ಸಾಕಾಗುತ್ತವೆ.

ಪ್ರಶ್ನೆ: ‘ಅಧಿಸೂಚನೆ ಹೊರಡಿಸಿದೆ’, ‘ಪ್ರಕಟಿಸಿದೆ’, ‘ಜಾರಿ ಮಾಡಿದೆ’, ‘ಘೋಷಿಸಿದೆ’ — ಇವುಗಳಲ್ಲಿ ಯಾವುದು ಸರಿ? ಡಿನೋಟಿಫಿಕೇಷನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಉದ್ಯೋಗದ ಜಾಹೀರಾತುಗಳನ್ನೂ ಅಧಿಸೂಚನೆ ಎನ್ನುತ್ತಾರಲ್ಲ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ, ಹಾಸನ

ಉತ್ತರ: ಸರ್ಕಾರ ಅಧಿಸೂಚನೆಯನ್ನು ಹೊರಡಿಸುತ್ತದೆ, ರಾಜ್ಯಪತ್ರದಲ್ಲಿ ಅದು ಪ್ರಕಟವಾಗುತ್ತದೆ. ಈ ಎರಡೂ ಸರಿ, ಎರಡಕ್ಕೂ ಬೇರೆ ಬೇರೆ ಕೆಲಸವಿದೆ. ‘ಜಾರಿ ಮಾಡು’ ಎಂಬುದು ಇಲ್ಲಿ ಗೊಂದಲ ಹುಟ್ಟಿಸುತ್ತದೆ. ನೋಟಿಸು ಜಾರಿಯಾಯಿತು ಎಂದರೆ ಕೈಗೆ ತಲುಪಿತು ಎಂದು ಅರ್ಥ, ಕಾನೂನು ಜಾರಿಗೆ ಬಂತು ಎಂದರೆ ನಡೆಯಲಾರಂಭಿಸಿತು ಎಂದು ಅರ್ಥ. ಅಧಿಸೂಚನೆ ಒಂದು ದಿನ ಪ್ರಕಟವಾಗಿ ಮತ್ತೊಂದು ದಿನದಿಂದ ಜಾರಿಗೆ ಬರುವ ಸಂದರ್ಭಗಳು ಇರುವುದರಿಂದ, ಪರೀಕ್ಷೆಯ ಉತ್ತರದಲ್ಲಿ ಈ ಎರಡನ್ನು ಬೆರೆಸಬೇಡಿ. ‘ಅಧಿಸೂಚನೆಯನ್ನು ಘೋಷಿಸಿದೆ’ ಎಂಬುದು ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಘೋಷಿಸುವುದು ರಜೆಯನ್ನು, ಫಲಿತಾಂಶವನ್ನು, ಬರಪೀಡಿತ ತಾಲ್ಲೂಕುಗಳ ಪಟ್ಟಿಯನ್ನು. ‘ಅಧಿಸೂಚಿಸು’ ಎಂಬ ಕ್ರಿಯಾಪದ ಕಾನೂನಿನ ಅನುವಾದಗಳಲ್ಲಿದೆ. ಅದರಿಂದ ಬಂದ ‘ಅಧಿಸೂಚಿತ’ ಎಂಬುದು ಬೆಳೆ ವಿಮೆಯ ಕಾರಣದಿಂದ ಅಡಿಕೆ, ಕಾಳುಮೆಣಸು ಬೆಳೆಯುವವರ ಬಾಯಿಗೂ ಬಂದಿದೆ: ಅಧಿಸೂಚಿತ ಬೆಳೆ ಎಂದರೆ ಆ ಹಂಗಾಮಿನಲ್ಲಿ ಆ ಪ್ರದೇಶಕ್ಕೆ ವಿಮೆ ಕಟ್ಟಬಹುದೆಂದು ಸರ್ಕಾರ ಹೆಸರಿಸಿದ ಬೆಳೆ. ಬರೆಯುವಾಗ ‘ಧಿ’ ಮಹಾಪ್ರಾಣ ಮತ್ತು ಹ್ರಸ್ವ. ‘ಅದಿಸೂಚನೆ’, ‘ಅಧೀಸೂಚನೆ’ ಎರಡೂ ತಪ್ಪು.

ಭೂಸ್ವಾಧೀನದ ಪರಿಭಾಷೆಯನ್ನೂ ತಿಳಿದಿರಿ. 1894ರ ಹಳೆಯ ಕಾಯ್ದೆಯಲ್ಲಿ 4(1) ಪ್ರಾಥಮಿಕ ಅಧಿಸೂಚನೆಯಾಗಿತ್ತು, 6ನೇ ಪ್ರಕರಣದ್ದು ಅಂತಿಮ ಘೋಷಣೆಯಾಗಿತ್ತು. ನಮ್ಮ ಹಿರಿಯರು ಈಗಲೂ ‘ಫೋರ್ ಒನ್ ಆಗಿದೆ’ ಎನ್ನುವುದು ಅದರ ನೆನಪಿನಿಂದ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯ್ದೆಯಲ್ಲಿ ಇವು ಕ್ರಮವಾಗಿ 11 ಮತ್ತು 19ನೇ ಪ್ರಕರಣಗಳಾಗಿವೆ, ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸಲು 60 ದಿನಗಳಿವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ 1966ರ ಅಧಿನಿಯಮದ 28(1) ಮತ್ತು 28(4). ಹೆದ್ದಾರಿಗೆ 1956ರ ಕಾಯ್ದೆಯ 3ಎ ಮತ್ತು 3ಡಿ, ಅಲ್ಲಿ ಆಕ್ಷೇಪಣೆಗೆ 21 ದಿನ ಮಾತ್ರ. 3ಡಿ ಪ್ರಕಟವಾದ ಕ್ಷಣವೇ ಜಮೀನು ಕೇಂದ್ರ ಸರ್ಕಾರಕ್ಕೆ ಸೇರುತ್ತದೆಯಾದ್ದರಿಂದ, ಹೆದ್ದಾರಿ ಅಗಲೀಕರಣದ ಸುದ್ದಿ ಬರೆಯುವವರು ಬರೀ ‘ಅಧಿಸೂಚನೆ’ ಎಂದು ನಿಲ್ಲಿಸುವುದು ಓದುಗನಿಗೆ ಮಾಡುವ ಅನ್ಯಾಯ.

ಡಿನೋಟಿಫಿಕೇಷನ್ ಎಂಬುದು ಕನ್ನಡ ಪತ್ರಿಕೆಗಳಲ್ಲಿ ಹಾಗೆಯೇ ಬೇರೂರಿದೆ, ಕಿತ್ತುಹಾಕುವ ಹಟ ಬೇಡ. ಔಪಚಾರಿಕವಾಗಿ ಬರೆಯುವಾಗ ‘ಸ್ವಾಧೀನದಿಂದ ಕೈಬಿಡುವುದು’ ಎನ್ನಿ. ಕಾಯ್ದೆ ಹೇಳುವುದೂ ಸ್ವಾಧೀನದಿಂದ ಹಿಂದೆ ಸರಿಯುವುದನ್ನೇ. ಲೋಕಸೇವಾ ಆಯೋಗದಂತಹ ಸಂಸ್ಥೆಗಳು ನೇಮಕಾತಿ ನಿಯಮಗಳಡಿ ಅರ್ಜಿ ಕರೆಯುವುದರಿಂದ ಅಲ್ಲಿ ‘ನೇಮಕಾತಿ ಅಧಿಸೂಚನೆ’ ರೂಢಿಯಾಗಿ ನಿಂತಿದೆ. ಖಾಸಗಿ ಕಂಪನಿಯದಕ್ಕೆ ‘ಉದ್ಯೋಗ ಪ್ರಕಟಣೆ’ ಸಾಕು. ಮೊಬೈಲ್ ಫೋನಿನ ಕನ್ನಡವು ಪ್ರತಿ ಟಿಂಗ್ ಸದ್ದಿಗೂ ‘ಅಧಿಸೂಚನೆ’ ಎಂದು ತೋರಿಸುವುದನ್ನು ಕಂಡಾಗ ಮಾತ್ರ ನನಗೆ ನಗು ಬರುತ್ತದೆ. ಯಾರೋ ಕಳುಹಿಸಿದ ಶುಭೋದಯದ ಹೂವಿನ ಚಿತ್ರಕ್ಕೆ ರಾಜ್ಯಪಾಲರ ಹೆಸರಿನ ಗತ್ತೇಕೆ? ‘ಸೂಚನೆ’ ಎಂದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ.

ಪ್ರಶ್ನೆ: ಸಂಸ್ಕೃತದ ಈ ಭಾರದ ಪದದ ಬದಲು ಡಂಗುರ, ಸಾರೋಲೆ ಎಂಬಂತಹ ಕನ್ನಡದ್ದೇ ಮಾತನ್ನು ಬಳಸಬಾರದೇ? ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನ ಸಿಕ್ಕ ತಾಲ್ಲೂಕಿನವನಾಗಿ ಕೇಳುತ್ತಿದ್ದೇನೆ.
— ನಿವೃತ್ತ ಶಿಕ್ಷಕರು, ಬೇಲೂರು

ಉತ್ತರ: ತಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿಯ ಕಲ್ಲು, ನಾವು ಇಲ್ಲಿ ಚರ್ಚಿಸುತ್ತಿರುವ ಅರ್ಥದಲ್ಲಿ, ಅಧಿಕೃತವಾದ ಬಹಿರಂಗ ಪ್ರಕಟಣೆಯೇ. ಕದಂಬರ ಕಾಲದ ಆ ಶಾಸನದಲ್ಲಿ ಯುದ್ಧದಲ್ಲಿ ಗೆದ್ದು ಬಂದ ವಿಜಅರಸನಿಗೆ ಎರಡು ಊರುಗಳನ್ನು ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದ ಗೌರವದ ದತ್ತಿಯಾಗಿ, ಕೊಟ್ಟ ಸಂಗತಿಯಿದೆ; ಕೊಟ್ಟವರು ಯಾರು, ಪಡೆದವನು ಯಾರು, ಯಾವ ಊರು, ಏತಕ್ಕಾಗಿ ಎಂಬುದೆಲ್ಲ ಕಲ್ಲಿನ ಮೇಲೆ ನಿಂತಿದೆ. ಕೆಡಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಇದೆ. ಇಂದಿನ ಅಧಿಸೂಚನೆಯಲ್ಲಿ ಪಾತಕದ ಜಾಗಕ್ಕೆ ಪ್ರಕರಣದ ಸಂಖ್ಯೆ ಬಂದಿದೆ. ‘ಶಾಸನ’ ಎಂಬ ಆ ಪದ ಈಗ ವಿಧಾನಮಂಡಲ ಮಾಡುವ ಕಾನೂನಿಗೆ ಮೀಸಲಾದ್ದರಿಂದ ಅದನ್ನು ಮರಳಿ ತರುವಂತಿಲ್ಲ. ಅರಸರು ಮಠಕ್ಕೋ ಪಾಳೆಯಗಾರರಿಗೋ ಬರೆಸುತ್ತಿದ್ದ ‘ನಿರೂಪ’ ಇಂಥವರಿಗೆ ಎಂದು ಹೆಸರಿಸಿ ಹೋಗುತ್ತಿದ್ದ ಅಪ್ಪಣೆ, ಎಲ್ಲರಿಗೂ ಹೇಳಿದ್ದಲ್ಲ. ‘ಸಾರೋಲೆ’ ಕಟ್ಟಿದ ಪದವಾಗಿ ಚೆನ್ನಾಗಿದೆ. ಆದರೆ ಅಧಿನಿಯಮ, ಅಧಿಸೂಚನೆ, ಅಧಿಸೂಚಿತ ಎಂಬ ಸರಣಿ ನ್ಯಾಯಾಲಯದಲ್ಲಿ ನೆಲೆಯೂರಿದ ಮೇಲೆ ಒಂದನ್ನು ಮಾತ್ರ ಬದಲಿಸಿದರೆ ವಕೀಲರಿಗೂ ರೈತರಿಗೂ ಹೊಸ ತೊಡಕೇ ಆಗುತ್ತದೆ.

‘ಸಾರು’ ಎಂಬ ಕ್ರಿಯಾಪದದ ಮೇಲೆ ಮಾತ್ರ ನನ್ನ ಪಕ್ಷಪಾತವಿದೆ. ಅದು ಕಾಗದದ ಮಾತಲ್ಲ, ಬಾಯಿಯ ಮಾತು. ತಮಟೆ ಬಡಿದು ಬೀದಿಯಲ್ಲಿ ಕೂಗುತ್ತ ಹೋಗುವುದು ಸಾರುವುದು. ತಳವಾರನೋ ತೋಟಿಯೋ ಡಂಗುರ ಸಾರಿದ ಮೇಲೆಯೇ ಹರಾಜು, ಕಂದಾಯದ ಕಟ್ಟುನಿಟ್ಟು ಊರಿಗೆ ತಿಳಿಯುತ್ತಿದ್ದ ಕಾಲವಿತ್ತು. ಇಂದು ಸಕಲೇಶಪುರ, ಆಲೂರು ಕಡೆ ಕಾಡಾನೆಯ ಗುಂಪು ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರು ಫೋನಿನ ಸಂದೇಶದಲ್ಲಿಯೋ ವಾಹನದ ಧ್ವನಿವರ್ಧಕದಲ್ಲಿಯೋ ತಿಳಿಸುವುದು ಅದೇ ಕೆಲಸ. ಕೂಲಿಯಾಳುಗಳು ತೋಟಕ್ಕೆ ಇಳಿಯುವ ಮೊದಲು ತಿಳಿಯಬೇಕಾದ ಇಂಥ ಎಚ್ಚರಿಕೆಗೆ ರಾಜ್ಯಪತ್ರದಿಂದ ಪ್ರಯೋಜನವಿಲ್ಲ. ಅದನ್ನು ವರದಿ ಮಾಡುವಾಗ ‘ಅಧಿಸೂಚನೆ ಹೊರಡಿಸಲಾಯಿತು’ ಎನ್ನದೆ ‘ಎಚ್ಚರಿಕೆ ಸಾರಲಾಯಿತು’ ಎಂದು ಬರೆದರೆ ಅರ್ಥವೂ ಸರಿ, ಕನ್ನಡವೂ ಸರಿ.

ಕಾನೂನಿನೊಳಗೂ ಸಾರುವ ಕೆಲಸ ಪೂರ್ತಿ ಅಳಿದಿಲ್ಲ. ವಾರಂಟಿಗೆ ತಲೆಮರೆಸಿಕೊಂಡವನ ಮೇಲೆ ನ್ಯಾಯಾಲಯ ಹೊರಡಿಸುವ ಉದ್ಘೋಷಣೆಯನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 84ನೇ ಪ್ರಕರಣದ ಪ್ರಕಾರ, ಅವನು ಸಾಮಾನ್ಯವಾಗಿ ವಾಸಿಸುವ ಊರಿನ ಎದ್ದುಕಾಣುವ ಜಾಗದಲ್ಲಿ ಬಹಿರಂಗವಾಗಿ ಓದಿ ಹೇಳಬೇಕು, ಅವನ ಮನೆಗೋ ಊರಿನ ಎದ್ದುಕಾಣುವ ಜಾಗಕ್ಕೋ ಅಂಟಿಸಬೇಕು, ನ್ಯಾಯಾಲಯದ ಕಟ್ಟಡದಲ್ಲಿಯೂ ಒಂದು ಪ್ರತಿ ಇರಬೇಕು. ಹಾಜರಾಗಲು 30 ದಿನಕ್ಕೆ ಕಡಿಮೆಯಿಲ್ಲದ ಕಾಲಾವಕಾಶ ಕೊಡಬೇಕು. ಅದನ್ನು ಪತ್ರಿಕೆಗಳು ‘ನ್ಯಾಯಾಲಯದ ಅಧಿಸೂಚನೆ’ ಎಂದು ಬರೆದಿರುವುದನ್ನು ಕಂಡರೆ ತಾವು ಧಾರಾಳವಾಗಿ ತಿದ್ದಬಹುದು.